ಲ್ಯಾಬಲ್ಲಿ ಕಿಡ್ನಿ ಕಾಪಾಡಿದ ಮಾಲಿಕ್ಯೂಲ್‌ಗಳೆಲ್ಲ ಆಮೇಲೆ ಎಲ್ಲಿ ಹೋಗ್ತಾವೆ?

ಪಿಪೆಟ್_ಪಾಪು:
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮೊದಲನೇ ವರ್ಷ ನಂದು, ಪ್ರಶ್ನೆ ಪೆದ್ದು ಅನ್ಸಿದ್ರೆ ಬೈಬೇಡಿ. ಎಚ್‌ಕೆ-2 ಸೆಲ್ಸ್ ಜೊತೆ ಕೆಲಸ ಮಾಡ್ತೀನಿ, ಗೊತ್ತಿಲ್ಲದೋರಿಗೆ, ಮನುಷ್ಯನ ಕಿಡ್ನಿಯ ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನಿಂದ (ಸೋಸಿದ ನೀರು ಮೊದಲು ಹರಿಯೋ ಸಣ್ಣ ಕೊಳವೆ) ಬಂದಿರೋ ಸೆಲ್ ಲೈನ್ ಅದು. ಅದಕ್ಕೆ ಗಿಡಗಳಲ್ಲಿ ಸಿಗೋ ಕ್ವರ್ಸೆಟಿನ್ 50 ಮೈಕ್ರೋಮೋಲಾರ್ ಹಾಕಿ, ಎರಡು ಗಂಟೆ ಬಿಟ್ಟು ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ಮಾರನೇ ದಿನ ಎಷ್ಟು ಸೆಲ್ ಬದುಕಿದೆ ಅಂತ ನೋಡೋ ಎಂಟಿಟಿ ಟೆಸ್ಟ್ ಮಾಡಿದೆ. ಬರೀ ಪೆರಾಕ್ಸೈಡ್ ಹಾಕಿದ ವೆಲ್‌ಗಳಲ್ಲಿ (ಪ್ಲೇಟಿನ ಗುಳಿಗಳು) ಬದುಕಿದ್ದು 40 ಪರ್ಸೆಂಟ್, ಕ್ವರ್ಸೆಟಿನ್ ಇದ್ದ ಕಡೆ 85. ಮೂರು ಸಲ ಮಾಡಿದೆ, ಮೂರು ಸಲಾನೂ ಹಂಗೇ ಬಂತು. ಗೈಡ್ ಖುಷಿ, ನಾನೂ ಖುಷಿ.

ಆಮೇಲೆ ರಾತ್ರಿ ಕೂತು ಪೇಪರ್ ಹುಡುಕ್ತಾ ಹೋದ್ರೆ ತಲೆ ತಿರುಗ್ತು. ಕಿಡ್ನಿ ಕಾಪಾಡುತ್ತೆ, ರಕ್ತನಾಳ ಕಾಪಾಡುತ್ತೆ ಅಂತ ಎಷ್ಟು ನೂರು ಮಾಲಿಕ್ಯೂಲ್ ಇದಾವೆ ಮಾರಾಯ್ರೆ! ಎಲ್ಲದ್ರಲ್ಲೂ ಅದೇ ಬಾರ್ ಗ್ರಾಫು, ಅದೇ ಮೂರು ಸ್ಟಾರು. ಆದ್ರೆ ರೋಗಿಗೆ ಕೊಡೋ ಔಷಧಿ ಅಂತ ನೋಡಿದ್ರೆ ಒಂದು ಕೈಬೆರಳಲ್ಲಿ ಎಣಿಸಬಹುದು. ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು?

ಕಿಟಕಿ_ಪಕ್ಕದ_ಬೆಂಚು:
ಪಾಪು, ಪ್ರಶ್ನೆ ಪೆದ್ದಲ್ಲ, ಹತ್ತು ವರ್ಷದಿಂದ ಇದೇ ಫೀಲ್ಡಲ್ಲಿ ಇರೋರೂ ಕೇಳ್ಕೊಳ್ಳದ ಪ್ರಶ್ನೆ ಇದು. ಆದ್ರೆ ಮೊದಲು ನಿನ್ನ ಪ್ಲೇಟಿಗೆ ಬರೋಣ. ಸೆಲ್ಸೇ ಇಲ್ಲದ ವೆಲ್ಲಿಗೆ ಬರೀ ಮೀಡಿಯಾ, ಕ್ವರ್ಸೆಟಿನ್, ಎಂಟಿಟಿ ಇಷ್ಟೇ ಹಾಕಿ ನೋಡಿದೀಯಾ?

ಯಾಕೆ ಕೇಳ್ತಿದೀನಿ ಅಂದ್ರೆ, ಎಂಟಿಟಿ ಅನ್ನೋದು ಹಳದಿ ಪುಡಿ, ಬದುಕಿರೋ ಸೆಲ್ಸ್ ಅದನ್ನ ರೆಡ್ಯೂಸ್ ಮಾಡಿ ನೇರಳೆ ಫಾರ್ಮಜಾನ್ ಮಾಡ್ತವೆ, ನಾವು ನೇರಳೆ ಎಷ್ಟಿದೆ ಅಂತ ಓದಿ ಇಷ್ಟು ಸೆಲ್ ಬದುಕಿದೆ ಅಂತೀವಿ. ಆದ್ರೆ ರೆಡ್ಯೂಸ್ ಮಾಡೋಕೆ ಸೆಲ್ಲೇ ಆಗ್ಬೇಕು ಅಂತ ಎಂಟಿಟಿಗೆ ಯಾರು ಹೇಳಿದಾರೆ? ಕ್ವರ್ಸೆಟಿನ್ ಥರದ ಫ್ಲೇವನಾಯ್ಡ್‌ಗಳು ತಾವೇ ಅದನ್ನ ನೇರಳೆ ಮಾಡಿಬಿಡ್ತವೆ. ಸೆಲ್ ಸತ್ತು ತೇಲ್ತಾ ಇದ್ರೂ ಪ್ಲೇಟ್ ರೀಡರ್ 85 ತೋರ್ಸುತ್ತೆ.

ಇನ್ನೊಂದು. ಕ್ವರ್ಸೆಟಿನ್ ಮೀಡಿಯಾದಲ್ಲಿ ಇರೋವಾಗ್ಲೇ ಪೆರಾಕ್ಸೈಡ್ ಸುರಿದಿದೀಯ ಅಲ್ವಾ? ಹಂಗಾದ್ರೆ ಎರಡೂ ಸೆಲ್ ಹೊರಗಡೆನೇ ಹೊಡೆದಾಡಿ ಮುಗಿಸಿರಬಹುದು. ಅದು ಸೆಲ್ ಕಾಪಾಡಿದ್ದಲ್ಲ, ಪೆರಾಕ್ಸೈಡ್ ಹಾಳು ಮಾಡಿದ್ದು. ಕ್ವರ್ಸೆಟಿನ್ ಕೊಟ್ಟು, ತೊಳೆದು, ಹೊಸ ಮೀಡಿಯಾ ಹಾಕಿ, ಆಮೇಲೆ ಪೆರಾಕ್ಸೈಡ್ ಹಾಕು. ಎಂಟಿಟಿ ಬಿಟ್ಟು ಸತ್ತ ಸೆಲ್‌ನಿಂದ ಸೋರೋ ಎಲ್‌ಡಿಎಚ್ ಕಿಣ್ವ ನೋಡು, ಇಲ್ಲ ಸತ್ತ ಸೆಲ್‌ಗೆ ಮಾತ್ರ ಹತ್ತೋ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಕಣ್ಣಲ್ಲೇ ಎಣಿಸು, ಬೇಜಾರಿನ ಕೆಲಸ ಆದ್ರೆ ಸುಳ್ಳು ಹೇಳಲ್ಲ.

50 ಮೈಕ್ರೋಮೋಲಾರ್ ವಿಷಯ ಬೇರೆನೇ ಇದೆ. ಬಾಯಲ್ಲಿ ತಗೊಂಡ ಕ್ವರ್ಸೆಟಿನ್ ಕರುಳು, ಲಿವರ್ ದಾಟೋವಷ್ಟರಲ್ಲಿ ಗ್ಲುಕುರೋನೈಡು ಸಲ್ಫೇಟು ಅಂತ ಬಾಲ ಅಂಟಿಸ್ಕೊಂಡು ಬೇರೆ ವಸ್ತುನೇ ಆಗಿರುತ್ತೆ. ನೀನು ಪ್ಲೇಟಿಗೆ ಹಾಕಿದ ರೂಪದಲ್ಲಿ ಅದು ರಕ್ತದಲ್ಲಿ ಸಿಗೋದೇ ಅಪರೂಪ, 50 ಮೈಕ್ರೋಮೋಲಾರ್ ಅಂತೂ ದೂರದ ಮಾತು.

ಪಿಪೆಟ್_ಪಾಪು:
ಸೆಲ್ ಇಲ್ಲದ ವೆಲ್ ಹಾಕಿಲ್ಲ ಅಣ್ಣ 😬 ಬ್ಲ್ಯಾಂಕ್ ಅಂತ ಬರೀ ಮೀಡಿಯಾ ಇಟ್ಟಿದ್ದೆ. ನಾಳೆನೇ ಹಾಕ್ತೀನಿ.

ರಿಂಗ್_ಮಾಸ್ಟರ್:
ಬೆಂಚಣ್ಣ ಹೇಳಿದ್ದು ಸರಿ, ಆದ್ರೆ ಹುಡುಗನ್ನ ಪೂರ್ತಿ ಹೆದರಿಸಬೇಡಿ. ತಪ್ಪು ಪ್ರಯೋಗದಿಂದಾನೇ ರಕ್ತನಾಳದ ಇಡೀ ಫೀಲ್ಡ್ ಹುಟ್ಟಿದ್ದು.

ನಾನು ಮಾಡೋದು ಆರ್ಗನ್ ಬಾತ್. ಇಲಿಯ ಅಯೋರ್ಟಾ, ಅಂದ್ರೆ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ತೆಗೆದು, ಸುತ್ತ ಅಂಟಿರೋ ಕೊಬ್ಬೆಲ್ಲ ಮೈಕ್ರೋಸ್ಕೋಪ್ ಕೆಳಗೆ ಬಿಡಿಸಿ, ಎರಡು ಮೂರು ಮಿಲಿಮೀಟರ್ ಅಗಲದ ಬಳೆ ಥರ ಕತ್ತರಿಸಿ, ಎರಡು ಸ್ಟೀಲ್ ಕೊಕ್ಕೆಗೆ ಸಿಕ್ಕಿಸಿ 37 ಡಿಗ್ರಿ ಕ್ರೆಬ್ಸ್ ದ್ರಾವಣದಲ್ಲಿ ತೂಗು ಹಾಕೋದು. ಕೆಳಗಿಂದ 95 ಪಾಲು ಆಕ್ಸಿಜನ್, 5 ಪಾಲು ಕಾರ್ಬನ್ ಡೈಆಕ್ಸೈಡ್ ಗುಳುಗುಳು ಅಂತ ಬರ್ತಾ ಇರ್ಬೇಕು. ಗ್ಯಾಸ್ ಬಿಡೋಕೆ ಮುಂಚೆ ಕ್ಯಾಲ್ಸಿಯಂ ಹಾಕಿದ್ರೋ, ದ್ರಾವಣ ಮಬ್ಬಾಗಿ ತಳದಲ್ಲಿ ಗಷ್ಟು ಕೂತ್ಕೊಳ್ಳುತ್ತೆ, ಆ ದಿನ ಗೋವಿಂದ. (ನಂದು ಎರಡು ಸಲ ಹೋಗಿದೆ. ಎರಡನೇ ಸಲ ಇಲಿ ಆಗ್ಲೇ ತೆಗೆದಾಗಿತ್ತು, ಆ ಸಂಕಟ ಬೇಡ.) ಒಂದು ಗಂಟೆ ಸುಧಾರಿಸಿಕೊಳ್ಳೋಕೆ ಬಿಟ್ಟು ಫಿನೈಲೆಫ್ರಿನ್ ಹಾಕಿದ್ರೆ ಬಳೆ ಬಿಗಿಯುತ್ತೆ, ಪರದೆ ಮೇಲೆ ಗೆರೆ ಏರುತ್ತೆ. ಆಮೇಲೆ ಅಸಿಟೈಲ್‌ಕೋಲಿನ್ ಹಾಕಿದ್ರೆ ಗೆರೆ ಜಾರಿ ಇಳಿಯುತ್ತೆ. ಎಷ್ಟು ಸಲ ನೋಡಿದ್ರೂ ಬೇಜಾರಾಗಲ್ಲ ನಂಗೆ.

ಈಗ ಕಥೆ. ರಾಬರ್ಟ್ ಫರ್ಚ್‌ಗಾಟ್ ಮೊಲದ ಅಯೋರ್ಟಾ ಇಟ್ಕೊಂಡು ವರ್ಷಗಟ್ಲೆ ಕೆಲಸ ಮಾಡಿದೋರು, ಅವರ ಪಟ್ಟಿಗಳು ಅಸಿಟೈಲ್‌ಕೋಲಿನ್‌ಗೆ ಸಡಿಲ ಆಗೋ ಬದಲು ಬಿಗೀತಿದ್ವು. ಆಮೇಲೆ ಗೊತ್ತಾಗಿದ್ದು ಏನಂದ್ರೆ ಪಟ್ಟಿ ಕತ್ತರಿಸಿ ಹಿಡಿಯೋವಾಗ ಒಳಗಿನ ಒಂದೇ ಪದರದ ಎಂಡೋಥೀಲಿಯಂ ಉಜ್ಜಿ ಹೋಗ್ತಿತ್ತು, ಅಷ್ಟೇ. ಒಳಪದರ ಉಳಿಸ್ಕೊಂಡ್ರೆ ಸಡಿಲ ಆಗುತ್ತೆ, ಉಜ್ಜಿದ್ರೆ ಆಗಲ್ಲ. 1980ರಲ್ಲಿ ಪ್ರಕಟ ಮಾಡಿದ್ರು. ಆ ಪದರ ಬಿಡೋ ವಸ್ತು ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ಗೊತ್ತಾಗಿ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ ನೊಬೆಲ್.

ಹಂಗಾಗಿ ಯಾರಾದ್ರೂ ನನ್ನ ಮಾಲಿಕ್ಯೂಲ್ ರಕ್ತನಾಳ ಸಡಿಲ ಮಾಡುತ್ತೆ ಅಂದ್ರೆ ನಾನು ಕೇಳೋದು ಎರಡೇ. ಒಳಪದರ ಉಜ್ಜಿದ ಬಳೆಯಲ್ಲಿ ಏನಾಯ್ತು, ನೈಟ್ರಿಕ್ ಆಕ್ಸೈಡ್ ಉತ್ಪತ್ತಿ ತಡೆಯೋ ಎಲ್-ನೇಮ್ ಹಾಕಿದಾಗ ಏನಾಯ್ತು. ಎರಡಕ್ಕೂ ಉತ್ತರ ಇಲ್ಲ ಅಂದ್ರೆ ಅದು ಎಂಡೋಥೀಲಿಯಂ ಕಾಪಾಡ್ತಿದೆಯೋ, ಸುಮ್ನೆ ಸ್ನಾಯು ಮಂಕು ಮಾಡ್ತಿದೆಯೋ ಹೇಳೋಕಾಗಲ್ಲ.

ಡ್ಯೂಟಿ_ಮುಗಿದ_ಡಾಕ್ಟ್ರು:
ಡಯಾಲಿಸಿಸ್ ಯೂನಿಟ್ ಕಡೆಯಿಂದ ಒಂದು ಮಾತು. "ಎಲ್ಲಿ ಹೋಯ್ತು" ಅನ್ನೋದಕ್ಕೆ ನಾನು ಕಣ್ಣಾರೆ ನೋಡಿದ ಉದಾಹರಣೆ ಎನ್‌ಎಸಿ, ಅಂದ್ರೆ ಎನ್-ಅಸಿಟೈಲ್‌ಸಿಸ್ಟೀನ್. ಎಕ್ಸ್‌ರೇ, ಸ್ಕ್ಯಾನ್‌ಗೆ ಅಂತ ಕಾಂಟ್ರಾಸ್ಟ್ ಡೈ ಕೊಟ್ಟಾಗ ಕಿಡ್ನಿಗೆ ಏಟು ಬೀಳೋದನ್ನ ತಡೆಯುತ್ತೆ ಅಂತ 2000ದಲ್ಲಿ 83 ಜನರ ಮೇಲೆ ಒಂದು ಚಿಕ್ಕ ಟ್ರಯಲ್ ಬಂತು, ಕ್ರಿಯಾಟಿನಿನ್ (ಕಿಡ್ನಿ ಸೋಸೋದು ಕಮ್ಮಿ ಆದ್ರೆ ರಕ್ತದಲ್ಲಿ ಏರೋ ಕಸ) ಏರಿದ್ದು ಎನ್‌ಎಸಿ ಗುಂಪಲ್ಲಿ 2 ಪರ್ಸೆಂಟ್, ಇನ್ನೊಂದ್ರಲ್ಲಿ 21. ಅಗ್ಗದ ಔಷಧಿ, ಸೈಡ್ ಎಫೆಕ್ಟ್ ಕಮ್ಮಿ, ಕೊಟ್ರೆ ಏನು ಹೋಗುತ್ತೆ ಅಂತ ಎಲ್ಲರೂ ಬರೆಯೋಕೆ ಶುರು ಮಾಡಿದ್ವಿ. ಕೊಳೆತ ಮೊಟ್ಟೆ ವಾಸನೆ ಅದು, ರೋಗಿಗಳು ಮೂಗು ಮುಚ್ಕೊಂಡು ಕುಡೀತಿದ್ರು ಪಾಪ. ಆಮೇಲೆ 2011ರಲ್ಲಿ 2308 ಜನರ ಟ್ರಯಲ್, ಏನೂ ಲಾಭ ಇಲ್ಲ. 2018ರಲ್ಲಿ ಪ್ರಿಸರ್ವ್ ಅಂತ ಸುಮಾರು 5000 ಜನರದ್ದು, ಆಗ್ಲೂ ಇಲ್ಲ. ಹದಿನೆಂಟು ವರ್ಷ ಬೇಕಾಯ್ತು ನಿಲ್ಲಿಸೋಕೆ.

ತಮಾಷೆ ಏನಂದ್ರೆ 2004ರಲ್ಲೇ ಒಂದು ಪೇಪರ್ ಇತ್ತು, ಆರೋಗ್ಯವಂತರಿಗೆ ಯಾವ ಡೈ ಕೂಡ ಕೊಡದೆ ಬರೀ ಎನ್‌ಎಸಿ ಕೊಟ್ಟು ನೋಡಿದ್ರು. ಕ್ರಿಯಾಟಿನಿನ್ ಸ್ವಲ್ಪ ಇಳೀತು, ಕಿಡ್ನಿ ಕೆಲಸ ಅಳೆಯೋ ಇನ್ನೊಂದು ಗುರುತು ಸಿಸ್ಟಾಟಿನ್ ಸಿ ಅಲ್ಲಾಡ್ಲಿಲ್ಲ. ಅಂದ್ರೆ ಕಿಡ್ನಿ ಇದ್ದಂಗೇ ಇದೆ, ಅಳೆಯೋ ಕೋಲು ಮಾತ್ರ ಅಲ್ಲಾಡಿದೆ. ನಿಮ್ಮ ನೇರಳೆ ಬಣ್ಣದ ಕಥೆಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಸುಮ್ನೆ_ಓದೋನು:
ಡಾಕ್ಟ್ರೆ ನಾನು ಸೈನ್ಸ್ ಓದಿದೋನಲ್ಲ, ಆದ್ರೆ ಒಂದು ಡೌಟು. ನಮ್ಮ ದೊಡ್ಡಪ್ಪಂಗೆ ಸಕ್ಕರೆ ಕಾಯಿಲೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತೆ, ಅದಕ್ಕೆ ಕಿಡ್ನಿ ಕಾಪಾಡೋ ಮಾತ್ರೆ ಅಂತ ಒಂದು ಕೊಟ್ರು, ತಿಂಗಳು ಬಿಟ್ಟು ಟೆಸ್ಟ್ ಮಾಡ್ಸಿದ್ರೆ ಕ್ರಿಯಾಟಿನಿನ್ 1.4 ಇದ್ದಿದ್ದು 1.6 ಆಗಿದೆ! ಮನೇಲೆಲ್ಲ ಗಾಬರಿ ಆಗಿ ಅವರೇ ನಿಲ್ಸಿಬಿಟ್ಟಿದಾರೆ. ಕಾಪಾಡೋದು ಅಂದ್ರೆ ನಂಬರ್ ಇಳೀಬೇಕಲ್ವಾ?

ಡ್ಯೂಟಿ_ಮುಗಿದ_ಡಾಕ್ಟ್ರು:
ಮೊದಲು, ನಿಲ್ಸಿರೋ ವಿಷಯ ಅವರ ಡಾಕ್ಟರಿಗೆ ಇವತ್ತೇ ಹೇಳಿಸಿ. ಯಾವ ಮಾತ್ರೆ, ಪೊಟ್ಯಾಶಿಯಂ ಎಷ್ಟು, ಏನೂ ಗೊತ್ತಿಲ್ಲದೆ ನಾನು ಇಲ್ಲಿಂದ ಹೇಳೋದು ಸರಿಯಲ್ಲ.

ಆದ್ರೆ ನೀವು ಕೇಳಿದ ಪ್ರಶ್ನೆ ಇದೆಯಲ್ಲ, ಈ ಇಡೀ ಚರ್ಚೆಯ ಗಂಟು ಅದೇ. ಒಂದೊಂದು ಕಿಡ್ನೀಲೂ ಸುಮಾರು ಹತ್ತು ಲಕ್ಷ ನೆಫ್ರಾನ್, ಒಂದೊಂದ್ರ ತುದೀಲೂ ರಕ್ತನಾಳದ ಸಣ್ಣ ಉಂಡೆ, ಅದೇ ಗ್ಲೋಮೆರುಲಸ್. ಒಳಗೆ ಬರೋ ನಾಳ ಒಂದು, ಹೊರಗೆ ಹೋಗೋ ನಾಳ ಇನ್ನೊಂದು. ಒಳಗಿನ ಒತ್ತಡ ಜಾಸ್ತಿ ಆದ್ರೆ ಸೋಸೋದೂ ಜಾಸ್ತಿ, ರಿಪೋರ್ಟಲ್ಲಿ ನಂಬರ್ ಚೆಂದ, ಒಳಗೆ ಮಾತ್ರ ಜರಡಿ ಹರೀತಾ ಇರುತ್ತೆ. ಬ್ಯಾರಿ ಬ್ರೆನ್ನರ್ ಅವರ ತಂಡ ಇಲಿಗಳಿಗೆ ಆರರಲ್ಲಿ ಐದು ಪಾಲು ಕಿಡ್ನಿ ತೆಗೆದು ಉಳಿದ ಚೂರು ಹೆಂಗೆ ಕೆಡುತ್ತೆ ಅಂತ ನೋಡ್ತು. 1986ರ ಪ್ರಯೋಗದಲ್ಲಿ ಒಂದು ಗುಂಪಿಗೆ ಎನಾಲಪ್ರಿಲ್, ಇನ್ನೊಂದಕ್ಕೆ ಬೇರೆ ಮೂರು ಬಿಪಿ ಔಷಧಿ ಸೇರಿಸಿ ಕೊಟ್ರು. ಎರಡರಲ್ಲೂ ಮೈಯ ಬಿಪಿ ಇಳೀತು. ಗ್ಲೋಮೆರುಲಸ್ ಒಳಗಿನ ಒತ್ತಡ ಇಳಿದಿದ್ದು ಎನಾಲಪ್ರಿಲ್ ಗುಂಪಲ್ಲಿ ಮಾತ್ರ, ಕಿಡ್ನಿ ಉಳಿದಿದ್ದೂ ಅಲ್ಲೇ. ಕೂದಲಿಗಿಂತ ಸಣ್ಣ ಗಾಜಿನ ಪಿಪೆಟ್ ಚುಚ್ಚಿ ಒಂದೊಂದೇ ಉಂಡೆಯ ಒತ್ತಡ ಅಳೆದಿದ್ರು ಪುಣ್ಯಾತ್ಮರು.

ಅದೇ ಲೆಕ್ಕ ಮನುಷ್ಯರಲ್ಲೂ ಕೂತ್ಕೊಳ್ತು. 1993ರಲ್ಲಿ ಟೈಪ್ 1 ಡಯಾಬಿಟಿಸ್ ಇದ್ದ 409 ಜನರಲ್ಲಿ ಎನಾಲಪ್ರಿಲ್ ಜಾತಿಯದೇ ಆದ ಕ್ಯಾಪ್ಟೊಪ್ರಿಲ್ ಕೊಟ್ಟಾಗ ಸಾವು, ಡಯಾಲಿಸಿಸ್, ಟ್ರಾನ್ಸ್‌ಪ್ಲಾಂಟ್ ಮೂರೂ ಸೇರಿ ಸುಮಾರು ಅರ್ಧಕ್ಕೆ ಇಳೀತು. ಒತ್ತಡ ಇಳಿಸಿದ್ರೆ ಸೋಸೋದು ಸ್ವಲ್ಪ ಕಮ್ಮಿ ಆಗ್ಲೇಬೇಕು, ಅದಕ್ಕೇ ಶುರುವಲ್ಲಿ ಕ್ರಿಯಾಟಿನಿನ್ ಚೂರು ಏರುತ್ತೆ. ಸುಮಾರು 30 ಪರ್ಸೆಂಟ್ ಒಳಗಿನ ಏರಿಕೆ ಆದ್ರೆ ಸಾಮಾನ್ಯವಾಗಿ ನಾವು ಪೊಟ್ಯಾಶಿಯಂ ನೋಡ್ಕೊಂಡು ಮಾತ್ರೆ ಮುಂದುವರಿಸ್ತೀವಿ.

ಇದರ ತದ್ವಿರುದ್ಧ ಕಥೆ ಬಾರ್ಡಾಕ್ಸೊಲೋನ್. ಎನ್‌ಆರ್‌ಎಫ್2 ಅನ್ನೋ ಸ್ವಿಚ್ ಹಾಕಿ ಸೆಲ್ಲಿನ ಸ್ವಂತ ಆಂಟಿಆಕ್ಸಿಡೆಂಟ್ ವ್ಯವಸ್ಥೆನೇ ಎಬ್ಬಿಸೋ ಔಷಧಿ, ಲ್ಯಾಬ್ ಕಡೆಯಿಂದ ನೋಡಿದ್ರೆ ಇದಕ್ಕಿಂತ ಚೆಂದದ ಐಡಿಯಾ ಇಲ್ಲ. 2011ರ ಟ್ರಯಲ್ಲಲ್ಲಿ ಇ-ಜಿಎಫ್‌ಆರ್, ಅಂದ್ರೆ ಕಿಡ್ನಿ ಎಷ್ಟು ಸೋಸ್ತಿದೆ ಅನ್ನೋ ಅಂದಾಜು ಲೆಕ್ಕ, ಮೇಲಕ್ಕೆ ಹೋಯ್ತು, ಕಿಡ್ನಿ ವಾಪಸ್ ಬರ್ತಿದೆ ಅಂತ ಎಲ್ಲರಿಗೂ ಸಂಭ್ರಮ. ದೊಡ್ಡ ಟ್ರಯಲ್ ಬೀಕನ್ ಶುರುವಾಯ್ತು, 2185 ಜನ, 2012ರ ಅಕ್ಟೋಬರಲ್ಲಿ ಅರ್ಧಕ್ಕೇ ನಿಲ್ಸಬೇಕಾಯ್ತು. ಹಾರ್ಟ್ ಫೇಲ್ಯೂರ್ ಆಗಿ ಆಸ್ಪತ್ರೆ ಸೇರಿದವರು, ಇಲ್ಲ ಅದರಿಂದ ತೀರಿಕೊಂಡವರು ಔಷಧಿ ಗುಂಪಲ್ಲಿ 96, ಪ್ಲಸೀಬೋ ಗುಂಪಲ್ಲಿ 55. ಇ-ಜಿಎಫ್‌ಆರ್ ಮಾತ್ರ ಕೊನೆವರೆಗೂ ಚೆನ್ನಾಗೇ ಇತ್ತು.

ಸುಮ್ನೆ_ಓದೋನು:
ಅಯ್ಯೋ. ಈಗ್ಲೇ ದೊಡ್ಡಮ್ಮಂಗೆ ಫೋನ್ ಮಾಡ್ತೀನಿ ಡಾಕ್ಟ್ರೆ.

ಬೇರು_ನಾರು:
ಎಲ್ಲ ಓದಿದೆ. ನಿಮ್ಮ ಧಾಟಿ ನೋಡಿದ್ರೆ ಕೆಮಿಕಲ್ ಔಷಧಿ ಮಾತ್ರ ಕೆಲಸ ಮಾಡೋದು, ಗಿಡಮೂಲದ್ದೆಲ್ಲ ಬರೀ ನೇರಳೆ ಬಣ್ಣ ಅನ್ನೋ ಹಂಗಿದೆ. ಪ್ರಕೃತಿಯಲ್ಲಿ ಇರೋದನ್ನ ಟ್ರಯಲ್ ಮಾಡೋಕೆ ದುಡ್ಡು ಹಾಕೋರಿಲ್ಲ, ಪೇಟೆಂಟ್ ಸಿಗಲ್ಲ, ಅದಕ್ಕೇ ಮೇಲೆ ಬರಲ್ಲ. ಇದನ್ನ ಯಾಕೆ ಯಾರೂ ಹೇಳಲ್ಲ?

ಕಿಟಕಿ_ಪಕ್ಕದ_ಬೆಂಚು:
ದುಡ್ಡಿನ ಮಾತು ಒಪ್ತೀನಿ, ಅದು ನಿಜವಾದ ತೊಂದ್ರೆನೇ. ಮಿಕ್ಕಿದ್ದು ಒಪ್ಪಲ್ಲ, ಯಾಕಂದ್ರೆ ಈ ಫೀಲ್ಡಿನ ದೊಡ್ಡ ಎರಡು ಗೆಲುವೂ ಪ್ರಕೃತಿಯಿಂದಾನೇ ಬಂದಿರೋದು.

ಕ್ಯಾಪ್ಟೊಪ್ರಿಲ್ ಅಂದ್ರೆ ಹಾವಿನ ವಿಷದ ಮೊಮ್ಮಗ. ಬ್ರೆಜಿಲ್‌ನ ಜರರಾಕಾ ಅನ್ನೋ ಮಂಡಲದ ಜಾತಿ ಹಾವು, ಅದರ ವಿಷದಲ್ಲಿ ರಕ್ತನಾಳ ಸಡಿಲ ಮಾಡೋ ಬ್ರಾಡಿಕೈನಿನ್‌ನ ಪರಿಣಾಮ ಜಾಸ್ತಿ ಮಾಡೋ ಪೆಪ್ಟೈಡ್ ಇದೆ ಅಂತ ಸೆರ್ಜಿಯೋ ಫೆರೇರಾ 1960ರ ದಶಕದಲ್ಲಿ ತೋರ್ಸಿದ್ರು. ಅದೇ ಪೆಪ್ಟೈಡು ಬಿಪಿ ಏರಿಸೋಕೆ ನೆರವಾಗೋ ಎಸಿಇ ಕಿಣ್ವಾನೂ ತಡೆಯುತ್ತೆ. ಆದ್ರೆ ಬಾಯಲ್ಲಿ ಕೊಟ್ರೆ ಕೆಲಸ ಮಾಡಲ್ಲ. ಕುಶ್‌ಮನ್, ಒಂಡೆಟ್ಟಿ ಇಬ್ಬರೂ ಸ್ಕ್ವಿಬ್ ಕಂಪನೀಲಿ ಕೂತು ಆ ಪೆಪ್ಟೈಡ್ ಕಿಣ್ವಕ್ಕೆ ಎಲ್ಲಿ ಕಚ್ಕೊಳ್ಳುತ್ತೆ ಅಂತ ಯೋಚನೆ ಮಾಡಿ ಚಿಕ್ಕ ಮಾಲಿಕ್ಯೂಲ್ ಕಟ್ಟಿದ್ರು, 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು.

ಎರಡನೇದು ಸೇಬಿನ ಮರದ ತೊಗಟೆ. 1835ರಲ್ಲಿ ಅದರಿಂದ ಫ್ಲೋರಿಜಿನ್ ತೆಗೆದ್ರು. 1880ರ ದಶಕದಲ್ಲಿ ಫಾನ್ ಮೆರಿಂಗ್ ಅದನ್ನ ಕೊಟ್ಟು ನೋಡಿದಾಗ ಮೂತ್ರದಲ್ಲಿ ಸಕ್ಕರೆ ಹೋಗೋಕೆ ಶುರುವಾಯ್ತು. ಔಷಧಿ ಆಗೋಕೆ ಮಾತ್ರ ಲಾಯಕ್ಕಿಲ್ಲ, ಕರುಳಲ್ಲೇ ಮುರಿದು ಹೋಗುತ್ತೆ, ಜೊತೆಗೆ ಕರುಳಲ್ಲಿ ಸಕ್ಕರೆ ಒಳಗೆ ಎಳ್ಕೊಳ್ಳೋ ಎಸ್‌ಜಿಎಲ್‌ಟಿ1 ಪ್ರೋಟೀನ್ ಕೂಡ ತಡೆಯುತ್ತೆ. ಕಿಡ್ನೀಲಿ ಕೂತಿರೋ ಎಸ್‌ಜಿಎಲ್‌ಟಿ2 ಒಂದನ್ನೇ ಹೆಚ್ಚಾಗಿ ಹಿಡಿಯೋ ಹಂಗೆ ತಿದ್ದಿ ತೀಡಿ ಬಂದಿದ್ದೇ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಲ್ಲ. 2020ರ ಡಾಪಾ-ಸಿಕೆಡಿ ಟ್ರಯಲ್ಲಲ್ಲಿ 4304 ಜನ, ಮುಖ್ಯ ಅಪಾಯ (ಕಿಡ್ನಿ ತುಂಬಾ ಕೆಡೋದು, ಇಲ್ಲ ಕಿಡ್ನಿ-ಹೃದಯದ ಕಾರಣಕ್ಕೆ ಸಾವು) 39 ಪರ್ಸೆಂಟ್ ಕಮ್ಮಿ, ಅದೂ ಮೂರರಲ್ಲಿ ಒಂದು ಪಾಲು ಜನಕ್ಕೆ ಸಕ್ಕರೆ ಕಾಯಿಲೆನೇ ಇರ್ಲಿಲ್ಲ. ಇದರಲ್ಲೂ ಡಾಕ್ಟ್ರು ಹೇಳಿದ ಹಂಗೆ ಶುರುವಲ್ಲಿ ಸೋಸೋದು ಸ್ವಲ್ಪ ಇಳಿಯೋದು ಇದ್ದೇ ಇದೆ. ಟ್ಯೂಬ್ಯೂಲ್‌ನಲ್ಲಿ ಮುಂದಕ್ಕೆ ಸೋಡಿಯಂ ಜಾಸ್ತಿ ಹರಿದು ಹೋದಾಗ ಅಲ್ಲಿ ಕಾವಲು ಕೂತಿರೋ ಮ್ಯಾಕ್ಯುಲಾ ಡೆನ್ಸಾ ಸೆಲ್‌ಗಳಿಗೆ ಸುದ್ದಿ ಮುಟ್ಟುತ್ತೆ, ಅದು ಒಳಗೆ ಬರೋ ನಾಳ ಬಿಗಿ ಮಾಡ್ಸುತ್ತೆ, ಒತ್ತಡ ಇಳಿಯುತ್ತೆ. ದಾರಿ ಬೇರೆ, ತಲುಪಿದ ಊರು ಒಂದೇ.

ಅದೇ ಪ್ರಕೃತಿಯಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಕೂಡ ಇದೆ. ಬೆಲ್ಜಿಯಂನಲ್ಲಿ ತೂಕ ಇಳಿಸೋ ಗಿಡಮೂಲಿಕೆ ಮಾತ್ರೆಯಲ್ಲಿ ಒಂದು ಗಿಡದ ಬದಲು ಅರಿಸ್ಟೊಲೋಕಿಯಾ ಸೇರಿ ಹೆಂಗಸರಿಗೆ ಕಿಡ್ನಿ ಹೋಯ್ತು, 1993ರಲ್ಲಿ ವರದಿ ಆಯ್ತು. ಆಮೇಲೆ ಕೆಲವರಿಗೆ ಮೂತ್ರನಾಳದ ಕ್ಯಾನ್ಸರೂ ಬಂತು.

ಬೇರು_ನಾರು:
ತೊಗಟೆ ಕಥೆ ಗೊತ್ತಿರ್ಲಿಲ್ಲ. ಸರಿ ಆದ್ರೆ ಗಿಡದಲ್ಲಿ ಒಂದೇ ಮಾಲಿಕ್ಯೂಲ್ ಇರಲ್ಲ, ಹತ್ತಾರು ಒಟ್ಟಿಗೆ ಕೆಲಸ ಮಾಡ್ತವೆ, ಒಂದನ್ನ ಕಿತ್ತು ನೋಡಿ ಏನೂ ಇಲ್ಲ ಅನ್ನೋದು ಅನ್ಯಾಯ ಅಂತ ಈಗ್ಲೂ ಹೇಳ್ತೀನಿ.

ಕಿಟಕಿ_ಪಕ್ಕದ_ಬೆಂಚು:
ಹತ್ತಾರು ಇದ್ರೆ ಹತ್ತಾರೂ ಬ್ಯಾಚಿಂದ ಬ್ಯಾಚಿಗೆ ಅಷ್ಟಷ್ಟೇ ಇರಬೇಕಲ್ಲ ಗುರು, ಅಲ್ಲೇ ಜಗಳ. ಮಳೆಗಾಲದ ಎಲೆ, ಬೇಸಿಗೆಯ ಎಲೆ ಒಂದೇ ಥರ ಇರಲ್ಲ. ಅದನ್ನ ಅಳೆದು ತೋರ್ಸಿದ್ರೆ ನನ್ನ ತಕರಾರಿಲ್ಲ.

ಇಲಿ_ಮನೆ_ಅಕ್ಕ:
ಪ್ರಾಣಿ ಕೆಲಸದ ಕಡೆಯಿಂದ ಎರಡು ಮಾತು, ಯಾಕಂದ್ರೆ ಪಾಪುಗೆ ಮುಂದೆ ಇದೇ ಗತಿ.

ಒಂದು, ಟೈಮಿಂಗ್. ಪೇಪರಲ್ಲಿ ಗೆದ್ದಿರೋ ಮಾಲಿಕ್ಯೂಲ್‌ಗಳ ಮೆಥಡ್ಸ್ ಭಾಗ ತೆಗೆದು ನೋಡು. ಕಿಡ್ನಿ ರಕ್ತನಾಳಕ್ಕೆ ಕ್ಲಿಪ್ ಹಾಕಿ ಅರ್ಧ ಗಂಟೆ ರಕ್ತ ನಿಲ್ಸೋ ಮಾಡೆಲ್ ಅಂತಿಟ್ಕೋ, ಔಷಧಿ ಕೊಟ್ಟಿರೋದು ಯಾವಾಗ? ಎಷ್ಟೋ ಸಲ ಕ್ಲಿಪ್ ಹಾಕೋಕೆ ಮುಂಚೆನೇ, ಕೆಲವು ಕಡೆ ವಾರದಿಂದ ಕೊಟ್ಟಿರ್ತಾರೆ. ರೋಗಿ ಮಾತ್ರ ಏಟು ಬಿದ್ದ ಮೇಲೆ ಬರ್ತಾನೆ. ಪ್ಲ್ಯಾನ್ ಮಾಡಿ ಮಾಡೋ ಹಾರ್ಟ್ ಆಪರೇಷನ್, ಕಾಂಟ್ರಾಸ್ಟ್ ಡೈ, ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್ ಇಂಥ ಕಡೆ ಮುಂಚೆ ಕೊಡಬಹುದು ನಿಜ, ಬೇರೆ ಕಡೆ ಆ ಅವಕಾಶ ಸಿಗೋದು ಕಷ್ಟ.

ಎರಡು, ಸಿಸ್‌ಪ್ಲಾಟಿನ್ ಮೋಸ. ಅದು ಟ್ಯೂಬ್ಯೂಲ್ ಸೆಲ್ ಒಳಗೆ ಹೋಗೋದು ಮುಖ್ಯವಾಗಿ ಒಸಿಟಿ2 ಅನ್ನೋ ಬಾಗಿಲಿಂದ. ನಿನ್ನ ಮಾಲಿಕ್ಯೂಲ್ ಸುಮ್ನೆ ಆ ಬಾಗಿಲಿಗೆ ಅಡ್ಡ ನಿಂತ್ರೂ ಸೆಲ್ ಬದುಕುತ್ತೆ, ಆಗ ನೀನು ಉರಿಯೂತ ತಡೀತು, ಅಪಾಪ್ಟೋಸಿಸ್ (ಸೆಲ್ ತಾನೇ ಸಾಯೋದು) ತಡೀತು ಅಂತ ಪ್ರೋಟೀನ್ ತೋರ್ಸೋ ವೆಸ್ಟರ್ನ್ ಬ್ಲಾಟ್ ಹತ್ತು ಹಾಕಿರ್ತೀಯ, ನಡೆದಿದ್ದು ಬಾಗಿಲು ಮುಚ್ಚಿದ್ದು ಅಷ್ಟೇ. ಕಿಡ್ನೀಲಿ ಪ್ಲಾಟಿನಂ ಎಷ್ಟು ಸೇರ್ತು ಅಂತ ಅಳೀಲೇಬೇಕು. ಜೊತೆಗೆ ಗಡ್ಡೆ ಇರೋ ಪ್ರಾಣೀಲೂ ನೋಡ್ಬೇಕು, ಕಿಡ್ನಿ ಜೊತೆ ಕ್ಯಾನ್ಸರನ್ನೂ ಕಾಪಾಡ್ಬಿಟ್ರೆ?

ಮತ್ತೆ ಮೌಸ್ ಕ್ರಿಯಾಟಿನಿನ್‌ನ ಹಳೇ ಜಾಫೆ ಕಿಟ್ಟಲ್ಲಿ ಅಳೀಬೇಡ. ಪಿಕ್ರಿಕ್ ಆಸಿಡ್ ಕಿತ್ತಳೆ ಬಣ್ಣಕ್ಕೆ ತಿರುಗೋದು ನೋಡೋ ವಿಧಾನ ಅದು, ಮೌಸ್ ಸೀರಮ್ಮಲ್ಲಿ ಬೇರೆ ವಸ್ತುಗಳೂ ಆ ಬಣ್ಣ ಕೊಡ್ತವೆ, ನಿಜ ಇರೋದಕ್ಕಿಂತ ಎಷ್ಟೋ ಜಾಸ್ತಿ ತೋರ್ಸುತ್ತೆ. ಎಚ್‌ಪಿಎಲ್‌ಸಿ ಇಲ್ಲ ಮಾಸ್ ಸ್ಪೆಕ್. ನಾನು ಒಂದು ವರ್ಷದ ಡೇಟಾ ಎಸೆದಿದೀನಿ ಇದೇ ಕಾರಣಕ್ಕೆ, ಆ ಫೋಲ್ಡರ್ ಹೆಸರು "ಕಿತ್ತಳೆ" ಅಂತ ಇನ್ನೂ ಇದೆ 😅

ರಿಂಗ್_ಮಾಸ್ಟರ್:
ಅಕ್ಕ ಹೇಳಿದ್ದಕ್ಕೆ ರಕ್ತನಾಳದ್ದೊಂದು ಸೇರಿಸ್ತೀನಿ. ಎಲ್ಲರೂ ಹುವೆಕ್ ಸೆಲ್ಸ್ ಬಳಸ್ತಾರೆ, ಅದು ಹೊಕ್ಕುಳ ಬಳ್ಳಿಯ ವೇನ್‌ನಿಂದ ಬಂದಿದ್ದು, ಪ್ರಶ್ನೆ ಮಾತ್ರ ಆರ್ಟರಿ ಬಗ್ಗೆ. ಅದೂ ನಿಂತ ನೀರಲ್ಲಿ ಬೆಳೆಸ್ತಾರೆ. ಎಂಡೋಥೀಲಿಯಂ ಅನ್ನೋದು ರಕ್ತದ ಹರಿವು ತಾಗ್ತಾ ಇದ್ರೇನೇ ಸರಿಯಾಗಿ ಬದುಕೋದು, ಸಮನಾಗಿ ಹರಿಯೋ ಕಡೆ ನಾಳ ಕಾಪಾಡೋ ಕೆಎಲ್‌ಎಫ್2 ಜೀನ್ ಏರುತ್ತೆ, ನೈಟ್ರಿಕ್ ಆಕ್ಸೈಡ್ ಮಾಡೋ ಕಿಣ್ವ ಏರುತ್ತೆ. ನಿಂತ ಪ್ಲೇಟಲ್ಲಿರೋ ಸೆಲ್ ಮೊದಲೇ ಅರೆ ಕಾಯಿಲೆದು, ಅದಕ್ಕೆ ಏನು ಹಾಕಿದ್ರೂ ಸುಧಾರಿಸಿದಂಗೆ ಕಾಣುತ್ತೆ. ಸಣ್ಣ ಪಂಪ್ ಹಾಕಿ ಹರಿಸಿ ನೋಡಿದ್ರೆ ಅರ್ಧ ಮಾಲಿಕ್ಯೂಲ್‌ಗಳ ಬಣ್ಣ ಬಯಲಾಗುತ್ತೆ ಅನ್ನೋದು ನನ್ನ ಅನಿಸಿಕೆ, ಲೆಕ್ಕ ಕೇಳ್ಬೇಡಿ.

ಇನ್ನು ಕಿಡ್ನಿ ಕೆಟ್ಟೋರ ರಕ್ತನಾಳಕ್ಕೆ ಸುಣ್ಣ ಕಟ್ಟೋದಿದೆ, ಫಾಸ್ಫೇಟ್ ಏರಿದಾಗ ನಾಳದ ಸ್ನಾಯು ಸೆಲ್ಲು ಮೂಳೆ ಸೆಲ್ ಥರ ವರ್ತಿಸೋಕೆ ಶುರು ಮಾಡುತ್ತೆ. ಕ್ಲೋಥೋ ಜೀನ್ ಕೆಟ್ಟ ಮೌಸ್ ಬಗ್ಗೆ 1997ರಲ್ಲಿ ಬಂದ ಪೇಪರ್ ಓದಿ, ಅಕಾಲ ಮುಪ್ಪು, ನಾಳದಲ್ಲಿ ಸುಣ್ಣ, ಎಲ್ಲ ಒಂದೇ ಜೀನ್‌ನಿಂದ, ಮತ್ತೆ ಆ ಪ್ರೋಟೀನ್ ಮುಖ್ಯವಾಗಿ ತಯಾರಾಗೋದು ಕಿಡ್ನೀಲಿ. ಅದರ ಬಗ್ಗೆ ಬೇರೆ ಥ್ರೆಡ್ಡೇ ಬೇಕು, ಇಲ್ಲಿ ಹಾಕಿದ್ರೆ ಮುಗಿಯಲ್ಲ.

ಸುಮ್ನೆ_ಓದೋನು:
ಅಪ್‌ಡೇಟ್: ದೊಡ್ಡಪ್ಪ ಡಾಕ್ಟರ್ ಹತ್ರ ಹೋಗಿ ಬಂದ್ರು. ಪೊಟ್ಯಾಶಿಯಂ ಸರಿ ಇದೆಯಂತೆ, ಮಾತ್ರೆ ವಾಪಸ್ ಶುರು ಮಾಡಿದಾರೆ. ಯಾರು ನಿಲ್ಸಿದ್ದು ಅಂತ ಬೈಸ್ಕೊಂಡ್ರಂತೆ, ದೊಡ್ಡಮ್ಮ ನನ್ನ ಕಡೆ ಕೈ ತೋರ್ಸಿದಾರೆ, ನಾನಲ್ಲ ನಿಲ್ಸಿದ್ದು!

ಪಿಪೆಟ್_ಪಾಪು:
ಎರಡು ದಿನ ಮಾಯ ಆಗಿದ್ದೆ, ಸಾರಿ. ಸೆಲ್ ಇಲ್ಲದ ವೆಲ್ ಹಾಕಿದೆ. ಎಂಟಿಟಿ ಹಾಕಿ ಇನ್‌ಕ್ಯುಬೇಟರ್‌ಗೆ ಇಟ್ಟು ಮೂರು ಗಂಟೆ ಬಿಟ್ಟು ತೆಗೆದ್ರೆ, ಬರೀ ಮೀಡಿಯಾ ಇದ್ದ ಸಾಲು ಹಳದಿ, ಕ್ವರ್ಸೆಟಿನ್ 10 ಇದ್ದ ಸಾಲು ಸ್ವಲ್ಪ ಮಂಕು, 50 ಇದ್ದ ಸಾಲು ನೇರಳೆ. ಒಂದು ಸೆಲ್ಲೂ ಇಲ್ಲ ಅಲ್ಲಿ. ಪ್ಲೇಟ್ ಹಿಡ್ಕೊಂಡು ಸುಮಾರು ಹೊತ್ತು ಹಂಗೇ ನಿಂತಿದ್ದೆ.

ಆಮೇಲೆ ತೊಳೆದು ಮಾಡೋ ಪ್ರಯೋಗಾನೂ ಮಾಡಿದೆ, ಟ್ರಿಪಾನ್ ಬ್ಲೂ ಹಾಕಿ ಕೈಯಲ್ಲೇ ಎಣಿಸಿದೆ. ಪೆರಾಕ್ಸೈಡ್ ಮಾತ್ರ ಇದ್ದಲ್ಲಿ 42, ಕ್ವರ್ಸೆಟಿನ್ ಕೊಟ್ಟು ತೊಳೆದಲ್ಲಿ 51. ಒಂದೇ ಸಲ ಮಾಡಿರೋದು, ಅದಕ್ಕೇ ಏನೂ ಅನ್ನಲ್ಲ. ಗೈಡ್‌ಗೆ ಪ್ಲೇಟಿನ ಫೋಟೋ ತೋರಿಸಿದೆ, ಅವರು ಸ್ವಲ್ಪ ಹೊತ್ತು ಸುಮ್ನಿದ್ದು "ಹಳೇ ಮೂರು ಪ್ಲೇಟಿನ ಡೇಟಾ ಡಿಲೀಟ್ ಮಾಡ್ಬೇಡ, ಇದನ್ನೂ ಅದರ ಪಕ್ಕದಲ್ಲೇ ಇಡು" ಅಂದ್ರು. ಸೋಮವಾರ ಎಲ್‌ಡಿಎಚ್ ಕಿಟ್ ಬರುತ್ತೆ.

ಇಲಿ_ಮನೆ_ಅಕ್ಕ:
ಫೋಲ್ಡರ್‌ಗೆ "ನೇರಳೆ" ಅಂತ ಹೆಸರಿಡು.

ಕಿಟಕಿ_ಪಕ್ಕದ_ಬೆಂಚು:
51 ಬಂದಿದ್ದನ್ನ ಇನ್ನೆರಡು ಸಲ ಮಾಡು, ಬೇರೆ ಪ್ಯಾಸೇಜ್ (ಬೆಳೆಸಿ ಪಾಲು ಮಾಡಿದ ಬೇರೆ ಸುತ್ತಿನ) ಸೆಲ್ಸಲ್ಲಿ, ಎಣಿಸೋ ಹೊತ್ತಲ್ಲಿ ಯಾವ ವೆಲ್ ಯಾವುದು ಅಂತ ನಿಂಗೆ ಗೊತ್ತಿರಬಾರದು, ಪಕ್ಕದೋರ ಹತ್ರ ಲೇಬಲ್ ಮುಚ್ಚಿಸ್ಕೋ. ಎಲ್‌ಡಿಎಚ್‌ಗೂ ಸೆಲ್ ಇಲ್ಲದ ವೆಲ್ ಹಾಕೋದು ಮರೀಬೇಡ.